ಅಕ್ಕನ ಬೆನ್ನು

ಬಂಟ್ವಾಳ
14-1-1963

ಚಿ. ಕಾಂತಿಗೆ ಮಾವ ರಮಾನಾಥನ ಆಶೀರ್ವಾದ.

‘ಇಲ್ಲಿ ನಾವೆಲ್ಲ ಕ್ಷೇಮ’ ಎಂಬ ಸಾಲನ್ನು ಮೊದಲು ಬರೆದು ಮುಗಿಸಿಬಿಡುವುದು ನನ್ನ ಅಭ್ಯಾಸ. ಇವತ್ತು ಆ ಸಾಲಿಗೆ ಪೆನ್ನು ಓಡಲಿಲ್ಲ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ, ಅಥವಾ ಬರಲು ನೋಡುತ್ತೇನೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆಂದು ನಿನ್ನ ಅತ್ತೆ ಪ್ರೇಮಾವತಿ ಇರುವಾಗಲೂ ಬೈಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು, ಬೈಯುವವರಿಲ್ಲದೆ ಈ ರೋಗ ಇನ್ನೂ ಜಾಸ್ತಿಯಾಗಿದೆ.

ನಿನ್ನ ಅಮ್ಮ ಹಾಗೆಯೇ ಇದ್ದಾಳೆ. ತುಳಸಿ ಪೂಜೆಯ ಮರುದಿನ ಬಚ್ಚಲಿನ ಹತ್ತಿರ ಬಿದ್ದವಳಿಗೆ ಬಲಗೈ, ಬಲಗಾಲು ಇನ್ನೂ ಬಂದಿಲ್ಲ. ಮಾತೂ ಬಂದಿಲ್ಲ. ಕಣ್ಣು ಮಾತ್ರ ಮೊದಲಿನ ಅಮ್ಮಣ್ಣಿ ಅಕ್ಕನ ಕಣ್ಣೇ. ನಾನು ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಕೊಂಡರೆ ಈಗಲೂ ಮಂಚದಿಂದಲೇ ನೋಡುತ್ತಾಳೆ. ಇಷ್ಟು ದಿನ ಅವಳನ್ನು ಮೀಯಿಸಿ ಬಟ್ಟೆ ಬದಲಿಸುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಕೊಕ್ಕಡಕ್ಕೆ ಹೋದಳು. ಬೇರೆ ಯಾರೂ ಸಿಗಲಿಲ್ಲ. ನಾನು ಗಂಜಿ ಕುಡಿಸಬಲ್ಲೆ, ಬೀಸಣಿಗೆ ಬೀಸಬಲ್ಲೆ. ಉಳಿದದ್ದು ನನ್ನಿಂದಾಗುವುದಲ್ಲ. ಅಕ್ಕ ಅವಳು, ನಾನು ತಮ್ಮ. ನರ್ಸಿಂಗ್ ಹೋಮಿಗೆ ಸೇರಿಸುವ ಎಂದು ನೀನು ಬರೆದಾಗ ಸಿಟ್ಟು ಬಂದಿತ್ತು. ಮೂರು ದಿನ ಕಳೆದ ಮೇಲೆ ಸಿಟ್ಟು ಹೋಗಿ ಹೆದರಿಕೆ ಉಳಿಯಿತು.

ಎರಡು ಕಡೆ ನೋಡಿ ಬಂದೆ. ಕಾಲೇಜಿನಲ್ಲಿ ನಮಗೆ ‘ಕಂಪೇರ್ ಅಂಡ್ ಕಾಂಟ್ರಾಸ್ಟ್’ ಎಂದು ಹತ್ತು ಮಾರ್ಕಿನ ಪ್ರಶ್ನೆ ಬರುತ್ತಿತ್ತು. ಎರಡರಲ್ಲಿ ಯಾವುದು ಹೋಲಿಕೆ, ಯಾವುದು ವ್ಯತ್ಯಾಸ ಎಂದು ಪರೀಕ್ಷೆಯ ದಿನವೂ ನನಗೆ ಗೊಂದಲವೇ. ಆದರೂ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲನೆಯದು ಬೆಳ್ತಂಗಡಿಯ ಹತ್ತಿರ, ಲಾಯಿಲದಲ್ಲಿ. ಸರಕಾರಿ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಆಗಿ ರಿಟೈರ್ ಆದ ಸೇಸಮ್ಮ ಎಂಬವರು ತಮ್ಮ ಮನೆಯಲ್ಲೇ ನಾಲ್ಕು ಮಂಚ ಹಾಕಿದ್ದಾರೆ. ಬಸ್ಸಿನಲ್ಲಿ ಯಾರೋ ಹೇಳಿ ಗೊತ್ತಾದದ್ದು, ಮುಂಚಿತವಾಗಿ ಕಾರ್ಡ್ ಹಾಕಲು ಸಮಯವಿರಲಿಲ್ಲ. ಜಗಲಿಯ ಬೆಂಚಿನಲ್ಲಿ ನಲವತ್ತು ನಿಮಿಷ ಕುಳಿತೆ. ಒಳಗೆ ನೀರು ಚೆಲ್ಲುವ ಸದ್ದು, “ಕಾಲು ಎತ್ತಿ ಅಮ್ಮಾ, ಸ್ವಲ್ಪ ಎತ್ತಿ” ಎಂದು ಗದರುವ ಸದ್ದು. ಕಡೆಗೆ ಮೊಣಕೈಯವರೆಗೆ ಒದ್ದೆಯಾದ ಹೆಂಗಸು ಹೊರಗೆ ಬಂದಳು.

“ರೋಗಿ ಎಲ್ಲಿ?”

“ರೋಗಿಯನ್ನು ತರಲಿಲ್ಲ. ಮೊದಲು ನೋಡಿ ಹೋಗುವ ಎಂದು ಬಂದೆ.”

“ನನ್ನನ್ನು ನೋಡಿ ಎಂತ ಮಾಡ್ತೀರಿ? ಸಂಬಂಧ ಕೇಳ್ಲಿಕ್ಕೆ ಬಂದದ್ದಾ?”

ನನಗೆ ಐವತ್ತೊಂಬತ್ತು, ಅವಳಿಗೆ ಅದಕ್ಕಿಂತ ಕಡಿಮೆಯೇನಿಲ್ಲ. ಒಳಗಿನ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಒಂದು ಲೋಟ ನೀರು ಬೇಕೇ ಎಂದು ಸಹ ಕೇಳದೆ ಸೇಸಮ್ಮ ವಾಪಸು ಒಳಗೆ ಹೋದಳು. ಆಗದವನು ಬಂದರೂ ಬೆಲ್ಲದ ತುಂಡು, ಒಂದು ಚೆಂಬು ನೀರು ಮುಂದೆ ಇಡುವ ಸೀಮೆ ನಮ್ಮದು, ಹೌದೋ ಅಲ್ಲವೋ? ಬಂದವರನ್ನೇ ವಿಚಾರಿಸದವರು ಬಿದ್ದವರನ್ನು ವಿಚಾರಿಸುತ್ತಾರೆಯೇ?

ಎರಡನೆಯದು ಮೂಡಬಿದ್ರೆಯಲ್ಲಿ. ಅಲ್ಲಿಗೆ ಕಾರ್ಡ್ ಹಾಕಿಯೇ ಹೋಗಿದ್ದೆ. ಡಾಕ್ಟರು ಗೇಟಿನವರೆಗೆ ಬಂದು ‘ವೆಲ್‌ಕಂ’ ಎಂದರು. ಕಂಚಿನ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು. ಗೋಡೆಗೆ ಹೊಡೆದ ಸುಣ್ಣ ಇನ್ನೂ ಹಸಿ. ಹನ್ನೊಂದು ಮಂಚ, ಹನ್ನೊಂದಕ್ಕೂ ಬಿಳಿ ಹೊದಿಕೆ. ರೋಗಿಗಳೆಲ್ಲ ಕುತ್ತಿಗೆಯವರೆಗೆ ಹೊದ್ದು ಮಲಗಿದ್ದರು, ಒಬ್ಬರ ನರಳಾಟವೂ ಇಲ್ಲ. ಊದುಬತ್ತಿಯ ಪರಿಮಳ. ಹೈಜೀನ್ ಎಂದರೆ ಏನೆಂದು ನಮ್ಮ ಪ್ರೊಫೆಸರು ಒಂದು ಡೆಫಿನಿಷನ್ ಕೊಟ್ಟಿದ್ದರು, ಮೊದಲರ್ಧ ಮಾತ್ರ ನೆನಪಿದೆ. ಅಷ್ಟರಮಟ್ಟಿಗೆ ಈ ಸ್ಥಳ ಪಾಸು.

ಬರುವ ತಿಂಗಳು ಅಲ್ಲಿಗೆ ಸೇರಿಸುತ್ತೇನೆ. ಶಿವರಾತ್ರಿಯೊಳಗೆ ಒಮ್ಮೆ ನೀನು ಬಂದು ಹೋಗು. ಅಕ್ಕನ ಕಣ್ಣು ಬಾಗಿಲ ಕಡೆಗೇ ಇರುತ್ತದೆ.

ನಿನ್ನ ಮಾವ
ರಮಾನಾಥ


ಮುಂಬಯಿ
27-1-1963

ಮಾವನವರಿಗೆ ಕಾಂತಿಯ ನಮಸ್ಕಾರಗಳು.

ನಿಮ್ಮ ಕಾಗದ ಇವರು ನಿನ್ನೆ ತಂದುಕೊಟ್ಟರು. ಶಿವರಾತ್ರಿಗೆ ಬರಲು ಆಗುವ ಹಾಗೆ ಕಾಣುವುದಿಲ್ಲ. ಹೋಟೆಲಿಗೆ ಇನ್ನೊಂದು ಜಾಗ ಸಿಕ್ಕಿದೆ, ಇವರಿಗೆ ನಾನಿಲ್ಲದೆ ಆಗುವುದಿಲ್ಲ.

ಮಾವ, ಸಿಟ್ಟು ಮಾಡಬೇಡಿ. ಬೆಲ್ಲ ನೀರು ಕೊಟ್ಟದ್ದು ನಿಮಗೆ. ಮಂಚದಲ್ಲಿ ಇದ್ದವರಿಗೆ ಏನು ಕೊಡುತ್ತಾರೆಂದು ನೀವು ಬರೆಯಲಿಲ್ಲ. ಮುಂದಿನ ಸಲ ಕಾರ್ಡ್ ಹಾಕದೆ ಹೋಗಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಊಟದ ಪಾತ್ರೆ ತೊಳೆದು ಎಲ್ಲರೂ ಮಲಗಿರುವ ಹೊತ್ತು ಅದು. ಆಗ ಯಾರಾದರೂ ಕರೆದರೆ ಆಯಾ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ಹೊದಿಕೆ ನೋಡಬೇಡಿ, ಹೊದಿಕೆಯ ಕೆಳಗೆ ಹಾಸಿದ್ದು ಏನೆಂದು ನೋಡಿ.

ಮುಖ್ಯವಾಗಿ ಅಮ್ಮನ ಬೆನ್ನು ನೋಡಿ. ಸೊಂಟದ ಕೆಳಗೆ, ಬಾಲದೆಲುಬಿನ ಮೇಲೆ. ಮತ್ತೆ ಹಿಮ್ಮಡಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೊದಲು ಅಲ್ಲಿ ಚರ್ಮ ಹೋಗುತ್ತದೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲಿ ಗುರುತಿನವರೊಬ್ಬರು ಬಹಳ ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ಅವರಿಂದ ತಿಳಿದದ್ದು.

ಮರೆಯದೆ ನೋಡಿ ಬರೆಯಿರಿ.

ಕಾಂತಿ


ಬಂಟ್ವಾಳ
9-2-1963

ಚಿ. ಕಾಂತಿಗೆ ಆಶೀರ್ವಾದ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಮೊದಲು ಒಂದು ಮಾತು. ಪೆನ್ಸಿಲಿನಲ್ಲಿ ಬರೆದ ನಿನ್ನ ಸಾಲುಗಳೆಲ್ಲ ಬೆಟ್ಟ ಹತ್ತಿದ ಹಾಗೆ ಓರೆಯಾಗಿದ್ದವು. ಟ್ರಾಮಿನಲ್ಲಿ ಕುಳಿತು ಬರೆದೆಯೇನು? ಬೊಂಬಾಯಿಯವರಿಗೆ ಮೇಜಿನ ಮುಂದೆ ಕುಳಿತುಕೊಳ್ಳಲೂ ಪುರುಸೊತ್ತಿಲ್ಲ ಅಂತ ಕಾಣುತ್ತದೆ.

ಅಕ್ಕನನ್ನು ಕಳೆದ ಶನಿವಾರ ಮೂಡಬಿದ್ರೆಗೆ ಬಿಟ್ಟು ಬಂದೆ. ಹಸನಬ್ಬನ ಬಾಡಿಗೆ ಕಾರಿನಲ್ಲಿ ಸಿದ್ದಕಟ್ಟೆ ದಾರಿಯಾಗಿ ನಿಧಾನಕ್ಕೆ ಕರೆದುಕೊಂಡು ಹೋದೆವು. ಹಸನಬ್ಬ ಪ್ರತಿ ಗುಂಡಿಗೂ “ಅಮ್ಮಾ, ಇದೊಂದು ಹಾರುವ” ಎಂದು ಹೇಳಿಯೇ ಇಳಿಸುತ್ತಿದ್ದ, ಪುಣ್ಯಾತ್ಮ. ಮಂಚದಲ್ಲಿ ಮಲಗಿಸಿ ಹೊರಡುವಾಗ ಅಕ್ಕ ಎಡಗೈಯಲ್ಲಿ ನನ್ನ ಹೆಗಲ ಮೇಲಿನ ಬೈರಾಸಿನ ತುದಿ ಹಿಡಿದುಕೊಂಡಳು. ಬಿಡಿಸಿದೆ, ಮತ್ತೆ ಹಿಡಿದಳು. “ಹೊಸ ಜಾಗ, ಎಲ್ಲರೂ ಎರಡು ದಿನ ಹೀಗೆಯೇ” ಎಂದು ಮೇಟ್ರನ್ ಹೇಳಿದರು. ನಾನು ಬೈರಾಸನ್ನು ಅವಳ ಕೈಯಲ್ಲೇ ಬಿಟ್ಟು ಬಂದೆ. ವಾಪಸು ಬರುವ ಬಸ್ಸಿನಲ್ಲಿ ಹೆಗಲು ಖಾಲಿ ಖಾಲಿ.

ಇನ್ನು ನಿನ್ನ ಪ್ರಶ್ನೆಗಳು. ಮೂವತ್ತು ವರ್ಷ ಸ್ಕೂಲ್ ಇನ್‌ಸ್ಪೆಕ್ಟರರ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವ ನಾನು. ಯಾವ ಶಾಲೆಗೆ ಯಾವ ತಾರೀಕಿಗೆ ಸಾಹೇಬರು ಹೋಗುತ್ತಾರೆಂದು ಹದಿನೈದು ದಿನ ಮೊದಲೇ ಕಾಗದ ಹಾಕುವುದೇ ನನ್ನ ಉದ್ಯೋಗವಾಗಿತ್ತು. ಹೇಳದೆ ಕೇಳದೆ ನುಗ್ಗುವುದು ಅಬಕಾರಿಯವರ ಕ್ರಮ, ನಮ್ಮದಲ್ಲ. ನಾಳೆ ಅಕ್ಕನನ್ನು ನೋಡಿಕೊಳ್ಳಬೇಕಾದವರು ಅವರೇ. ಅವರ ಮೇಲೆ ಸಂಶಯ ತೋರಿಸಿದರೆ ಅವರು ಅದನ್ನು ಯಾರ ಮೇಲೆ ತೀರಿಸುತ್ತಾರೆ, ಯೋಚನೆ ಮಾಡಿದ್ದೀಯಾ? ನಾನು ಮಾಡಿದ್ದೇನೆ. ಅದನ್ನೇ ಯೋಚಿಸುತ್ತಾ ಮೊನ್ನೆ ಹಾಲು ಉಕ್ಕಿಸಿದೆ.

ಬೆನ್ನಿನ ವಿಷಯ. ಕಾಂತಿ, ನೀನು ಅದನ್ನು ಹೇಗೆ ಬರೆದೆಯೋ ನನಗೆ ಗೊತ್ತಿಲ್ಲ. ನಮ್ಮ ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನ್ನ ತಲೆಗೆ ಎಣ್ಣೆ ಹಾಕಿ ದೊಡ್ಡದು ಮಾಡಿದವಳು ಅಕ್ಕ. ನಮ್ಮ ಮನೆತನದಲ್ಲಿ ಅಕ್ಕನೇ ಯಜಮಾನ್ತಿ. ಅವಳು ಮುಂಬಾಗಿಲಿಗೆ ಬಂದರೆ ನಾನು ಈ ವಯಸ್ಸಿನಲ್ಲೂ ಕಾಲು ಕೆಳಗಿಳಿಸಿ ಕೂರುವವ. ಅವಳ ಸೆರಗು ಸರಿಸಿ ನಾನು ಬೆನ್ನು ನೋಡುವುದೇ? ಅವಳಿಗೆ ಬೇಡ ಎಂದು ಹೇಳಲಿಕ್ಕೂ ಬಾಯಿಲ್ಲದ ಹೊತ್ತಿನಲ್ಲಿ? ಮೇಟ್ರನ್ ಅವರನ್ನು ವಿಚಾರಿಸಿದೆ. “ಎಲ್ಲ ಸರಿ ಉಂಟು, ದಿನಾ ಪೌಡರ್ ಹಾಕ್ತೇವೆ” ಎಂದರು. ಅದು ಸಾಕು.

ಅಳಿಯ ಭೋಜನಿಗೆ ಆಶೀರ್ವಾದ ತಿಳಿಸು.

ಮಾವ


ಮುಂಬಯಿ
20-2-1963

ಮಾವನವರಿಗೆ ನಮಸ್ಕಾರಗಳು.

ಮೇಟ್ರನ್ ನೋಡಿದ್ದನ್ನು ನೀವು ಬರೆದಿದ್ದೀರಿ. ನಾನು ಕೇಳಿದ್ದು ನೀವು ನೋಡಿದ್ದನ್ನು.

ಕೆಂಪಾಗಿದ್ದರೆ ಇನ್ನೂ ಸಮಯ ಉಂಟು ಎಂದು ಅರ್ಥ. ಕಪ್ಪಾಗಿದ್ದರೆ ಒಂದು ದಿನವೂ ಅಲ್ಲಿ ಬಿಡಬೇಡಿ. ಮಂಚದ ಹತ್ತಿರ ಊದುಬತ್ತಿ ಯಾಕೆ ಹಚ್ಚುತ್ತಾರೆಂದು ಕೇಳಿ. ಅಮ್ಮ ಬೈರಾಸು ಹಿಡಿದುಕೊಂಡದ್ದನ್ನು ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಹೊಸ ಜಾಗಕ್ಕೆ ಹೆದರುವವಳಲ್ಲ ಅವಳು, ನಿಮಗೆ ಗೊತ್ತುಂಟು.

ಅಮ್ಮನಿಗೆ ನಾಚಿಕೆ ಆಗುತ್ತದೆ, ಆಗಲಿ. ನಿಮಗೂ ಆಗಲಿ. ನಾನು ಬರುವಂತಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ.

ಒಮ್ಮೆ ನೋಡಿ, ಮಾವ.

ಕಾಂತಿ


ಬಂಟ್ವಾಳ
3-3-1963

ಚಿ. ಕಾಂತಿಗೆ ಆಶೀರ್ವಾದ.

ಮೊನ್ನೆ ಮೂಡಬಿದ್ರೆಗೆ ಹೋಗಿದ್ದೆ. ನೀನು ಹೇಳಿದ್ದನ್ನು ನೋಡಿದೆ. ಸರಿ ಉಂಟು. ಕೆಂಪೂ ಇಲ್ಲ, ಕಪ್ಪೂ ಇಲ್ಲ. ಹಿಮ್ಮಡಿಯೂ ಸರಿ ಉಂಟು. ಕಂಡೀಷನ್ ಸ್ಯಾಟಿಸ್‌ಫ್ಯಾಕ್ಟರಿ.

ಊದುಬತ್ತಿ ಹಚ್ಚುವುದು ದೇವರಿಗೆ. ಒಳ್ಳೆಯದೇ ಅಲ್ಲವೇ?

ಮತ್ತೆ ವಿಶೇಷವೇನಿಲ್ಲ. ಸೆಕೆ ಈಗಲೇ ಶುರುವಾಗಿದೆ, ನೇತ್ರಾವತಿಯಲ್ಲಿ ಮರಳು ಎದ್ದು ಕಾಣುತ್ತದೆ. ಅಬ್ದುಲ್ ಸಮದ್ ತನ್ನ ಅಂಗಡಿಗೆ ರೇಡಿಯೋ ತಂದಿದ್ದಾನೆ, ಸಂಜೆ ವಾರ್ತೆಗೆ ಹತ್ತು ಜನ ಸೇರುತ್ತಾರೆ, ಸಾಮಾನು ತೆಗೆದುಕೊಳ್ಳುವವ ಒಬ್ಬ. ಅಕ್ಕ ಸ್ವಲ್ಪ ಇಳಿದ ಹಾಗೆ ಕಂಡಳು. ಮಲಗಿದಲ್ಲೇ ಇರುವವರಿಗೆ ಹಸಿವು ಕಡಿಮೆ ಎಂದು ಡಾಕ್ಟರು ಹೇಳಿದರು. ಈ ಸಲ ಅವಳು ನನ್ನನ್ನು ಹಿಡಿದುಕೊಳ್ಳಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದಳು. ಅಭ್ಯಾಸವಾಗಿರಬೇಕು.

ಬೈರಾಸು ಎಲ್ಲಿ ಎಂದು ಕೇಳಿದೆ. ತೊಳೆಯಲು ಹಾಕಿದ್ದೇವೆ ಎಂದರು.

ಇನ್ನು ನೀನು ಚಿಂತೆ ಮಾಡಬೇಡ.

ಮಾವ


ಬೆಳ್ತಂಗಡಿ, ಲಾಯಿಲ
30-3-1963

ಕಾಂತಿ,

ನಾಲ್ಕು ವಾರದಿಂದ ನಿನ್ನ ಕಾಗದವಿಲ್ಲ. ಭೋಜನಿಗೆ ಬರೆದೆ. ‘ಕಾಂತಿ ಊರಲ್ಲಿಲ್ಲ, ಬಂದ ಮೇಲೆ ಬರೆಯುತ್ತಾಳೆ’ ಎಂದು ಒಂದೂವರೆ ಸಾಲು ಬಂತು. ಯಾವ ಊರಲ್ಲಿಲ್ಲ, ಯಾವ ಊರಲ್ಲಿದ್ದಾಳೆ?

ಕಳೆದ ಸೋಮವಾರ ಸಮದನ ಅಂಗಡಿಯಲ್ಲಿ ಜತ್ತಪ್ಪ ಸಿಕ್ಕಿದ. ಭೋಜನ ಹೋಟೆಲಿನಲ್ಲಿ ಅಡುಗೆಗಿರುವ ಅದೇ ಜತ್ತಪ್ಪ, ರಜೆಯಲ್ಲಿ ಬಂದವ. ನನ್ನನ್ನು ನೋಡಿದವನೇ ಕೇಳಿದ, “ಕಾಂತಿ ಅಕ್ಕನಿಗೆ ಈಗ ಹೇಗುಂಟಂತೆ ರಮಾನಾಥಣ್ಣ? ರಕ್ತ ಬರುವುದು ನಿಂತಿತಾ?”

“ಯಾವ ರಕ್ತ?”

ಅವನು ಬಾಯಿಗೆ ಕೈ ಇಟ್ಟುಕೊಂಡ. “ನಾನು ಎಂತದೂ ಹೇಳ್ಲಿಲ್ಲ ಮಾರಾಯ್ರೆ. ಭೋಜಣ್ಣ ನನ್ನನ್ನು ಒಲೆಗೆ ಹಾಕ್ತಾರೆ.”

“ನಾನು ಇಲ್ಲಿಯೇ ಹಾಕುತ್ತೇನೆ, ಹೇಳು.”

ದೀಪಾವಳಿಯಿಂದ ನೀನು ಸ್ಯಾನಟೋರಿಯಮ್ಮಿನಲ್ಲಿ ಇದ್ದೀಯಂತೆ. ಎದೆಯ ಕಾಯಿಲೆಯಂತೆ, ಕ್ಷಯ. ಊರಿಗೆ ಗೊತ್ತಾದರೆ ಹೋಟೆಲಿಗೆ ಯಾರು ಬರುತ್ತಾರೆ ಎಂದು ಭೋಜ ಎಲ್ಲರ ಬಾಯಿ ಮುಚ್ಚಿಸಿದ್ದಾನಂತೆ. ಈ ತಿಂಗಳ ಮೊದಲಿಗೆ ಕೆಮ್ಮಿನಲ್ಲಿ ರಕ್ತ ಬಂತಂತೆ. ಇದನ್ನೆಲ್ಲ ನಾನು ಉಪ್ಪಿನ ಗೋಣಿಯ ಮೇಲೆ ಕುಳಿತು ಕೇಳಿದೆ. ಸಮದ್ ರೇಡಿಯೋ ನಿಲ್ಲಿಸಿದ.

ಆಗ ನಿನ್ನ ಕಾಗದಗಳು ನೆನಪಾದವು. ಮಲಗಿಕೊಂಡು ಪೆನ್ಸಿಲಿನಲ್ಲಿ ಬರೆದ ಕಾಗದಗಳು. ಮಧ್ಯಾಹ್ನ ಮೂರು ಗಂಟೆಗೆ ಆಯಾ ಬರುವುದಿಲ್ಲ ಎಂದು ನಿನಗೆ ಯಾರೂ ಹೇಳಬೇಕಾಗಿರಲಿಲ್ಲ. ನೀನು ಬರೆದ ಆ ಗುರುತಿನವರು ಯಾರೂ ಇರಲಿಲ್ಲ, ಆಸ್ಪತ್ರೆಯಲ್ಲಿದ್ದದ್ದು ನೀನೇ.

ಕಾಂತಿ, ನಾನು ಅಕ್ಕನ ಬೆನ್ನು ನೋಡಿರಲಿಲ್ಲ. ಮಾರ್ಚ್ ಮೂರರ ಕಾಗದದಲ್ಲಿ ಬರೆದದ್ದು ಸುಳ್ಳು. ಮಂಚದ ಹತ್ತಿರ ಹೋಗಿ ನಿಂತೆ, ಹೊದಿಕೆಗೆ ಕೈ ಹಾಕಿದೆ, ಅಕ್ಕ ನನ್ನನ್ನು ನೋಡಿದಳು, ನಾನು ಕೈ ತೆಗೆದೆ. ಅಷ್ಟೇ ಆದದ್ದು. ಉಳಿದದ್ದು ಬಸ್ಸಿನಲ್ಲಿ ಕುಳಿತು ಕಟ್ಟಿಕೊಂಡದ್ದು. ನಾಚಿಕೆ ಎಂದು ನಿನಗೆ ಬರೆದಿದ್ದೆ, ಅದೂ ಅರ್ಧ ನಿಜ. ಹೊದಿಕೆಯ ಕೆಳಗೆ ಏನಾದರೂ ಕಂಡರೆ ಮುಂದೆ ನಾನೇನು ಮಾಡಲಿ ಎಂಬ ಹೆದರಿಕೆ. ಅವಳನ್ನು ಕರೆದುಕೊಂಡು ಹೋಗಲು ನನಗೆ ಇನ್ನೊಂದು ಜಾಗವಿರಲಿಲ್ಲ. ಆದ್ದರಿಂದ ಕಾಣದಿರುವುದೇ ಒಳ್ಳೆಯದೆಂದುಕೊಂಡೆ.

ಗೋಣಿಯಿಂದ ಎದ್ದವನು ಮನೆಗೆ ಹೋಗಲಿಲ್ಲ. ಹಸನಬ್ಬನ ಕಾರು ಹತ್ತಿದೆ. ಮೂಡಬಿದ್ರೆ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಗೇಟು ಹಾಕಿತ್ತು. ಬಡಿದು ಬಡಿದು ಸಾಕಾದ ಮೇಲೆ ಆಯಾ ಬಂದಳು, ಕಣ್ಣಲ್ಲಿ ನಿದ್ದೆ.

“ಅಯ್ಯೋ, ನಿಮ್ಮ ಕಾರ್ಡ್ ಬರ್ಲಿಲ್ವಲ್ಲ!”

ನಾನು ಅವಳನ್ನು ಸರಿಸಿಕೊಂಡು ಒಳಗೆ ಹೋದೆ. ಊದುಬತ್ತಿ ಹಚ್ಚಿರಲಿಲ್ಲ. ಅದನ್ನು ಯಾಕೆ ಹಚ್ಚುತ್ತಾರೆಂದು ಬಾಗಿಲಲ್ಲೇ ಮೂಗಿಗೆ ಗೊತ್ತಾಯಿತು. ಬಿಳಿ ಹೊದಿಕೆಗಳು ಕಪಾಟಿನಲ್ಲಿ ಮಡಚಿ ಇಟ್ಟಿದ್ದವು, ಹನ್ನೊಂದೂ. ಒಬ್ಬ ಮುದುಕ “ನೀರು, ನೀರು” ಎನ್ನುತ್ತಿದ್ದ, ಯಾರಿಗೆ ಎಂದಲ್ಲ, ಸುಮ್ಮನೆ ಎಣಿಸುವ ಹಾಗೆ. ಅಕ್ಕ ಬರೀ ರೆಕ್ಸಿನ್ ಶೀಟಿನ ಮೇಲೆ ಇದ್ದಳು, ಅಂಗಾತ, ಮೈಮೇಲೊಂದು ಹಳೆಯ ಸೀರೆ. ನಾನು ಬಿಟ್ಟು ಹೋದ ಬೈರಾಸಿನಿಂದ ಅವಳ ಎಡಗೈಯನ್ನು ಮಂಚದ ಸರಳಿಗೆ ಕಟ್ಟಿದ್ದರು.

ಕಟ್ಟು ಬಿಚ್ಚಿದೆ. “ಅಕ್ಕ, ತಪ್ಪಾಯಿತು, ಬೆನ್ನು ನೋಡುತ್ತೇನೆ” ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಮಗ್ಗುಲಿಗೆ ಹೊರಳಿಸಿ ಸೀರೆ ಸರಿಸಿದೆ. ಮೊದಲು ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ತೆರೆದೆ.

ಬಾಲದೆಲುಬಿನ ಮೇಲೆ, ನನ್ನ ಅಂಗೈ ಇಟ್ಟರೆ ಮುಚ್ಚುವಷ್ಟು ಅಗಲಕ್ಕೆ, ಕಪ್ಪು. ಅದರ ಅಂಚಿನಲ್ಲಿ ಒಳಗಿನ ಮಾಂಸ ಕಾಣುತ್ತಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೇಟ್ರನ್ ಓಡಿ ಬಂದಳು. “ನೀವು ಗಂಡಸರು ಇದನ್ನೆಲ್ಲ ನೋಡ್ಬಾರದಿತ್ತು!”

“ನಾನು ಕೇಳಿದಾಗ ಸರಿ ಉಂಟು ಎಂದಿರಲ್ಲ?”

“ಕೇಳಿದವರಿಗೆಲ್ಲ ನಾವು ಹಾಗೇ ಹೇಳುವುದು. ನೀವು ಕೇಳಿದ್ದೂ ಅದನ್ನೇ ಅಲ್ವಾ?”

ಅವಳ ಕೆನ್ನೆಗೆ ಹೊಡೆಯಬೇಕು ಎನಿಸಿತು. ಹೊಡೆಯಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಹೌದು. ಹಸನಬ್ಬನೂ ನಾನೂ ಸೇರಿ ಅಕ್ಕನನ್ನು ಎತ್ತಿಕೊಂಡು ಬಂದೆವು. ಡಾಕ್ಟರು ವರಾಂಡದಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ನನಗೆ ಒಂದು ಶಬ್ದವೂ ತಲೆಗೆ ಹೋಗಲಿಲ್ಲ.

“ಎಲ್ಲಿಗೆ ಬಿಡುವುದು?” ಎಂದು ಹಸನಬ್ಬ ಕೇಳಿದ. ಬಂಟ್ವಾಳದ ಮನೆಯಲ್ಲಿ ಯಾರಿದ್ದಾರೆ? ವೇಣೂರು, ಗುರುವಾಯನಕೆರೆ ದಾಟಿ ಲಾಯಿಲಕ್ಕೆ ಬಂದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಉಸಿರಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ, ಕಾರಿನ ಗಾಳಿಯಲ್ಲಿ ಗೊತ್ತಾಗುತ್ತಿರಲಿಲ್ಲ.

ಸೇಸಮ್ಮ ಗಾಯ ನೋಡಿದಳು.

“ಎಷ್ಟು ದಿನದಿಂದ ಹೀಗೆ ಅಂಗಾತ ಹಾಕಿದ್ದಾರೆ?”

“ಗೊತ್ತಿಲ್ಲ.”

“ಹೊರಳಿಸ್ತಿದ್ದದ್ದು ಯಾರು?”

“ಗೊತ್ತಿಲ್ಲ.”

“ನೀವು ಇವರಿಗೆ ಎಂತ ಆಗ್ಬೇಕು?”

“ತಮ್ಮ.”

“ಒಡಹುಟ್ಟಿದ ತಮ್ಮ. ಆದ್ರೂ ಗೊತ್ತಿಲ್ಲ!” ಎಂದಳು. “ನನ್ನ ಮಂಚ ನಾಲ್ಕೂ ತುಂಬಿದೆ. ನನ್ನ ಕೋಣೆಯಲ್ಲಿ ಹಾಕುವ. ಆದ್ರೆ ನನಗೆ ಕೈ ಎರಡೇ ಇರುವುದು. ಹೊರಳಿಸುವುದು, ತೊಳೆಯುವುದು, ಎಲ್ಲ ನೀವು ಕಲಿಯಬೇಕು. ಅಕ್ಕ, ನಾಚಿಕೆ ಅಂತ ಕೂತ್ರೆ ಈಗಲೇ ಕಾರು ತಿರುಗಿಸಿ.”

ಕಾರನ್ನು ಕಳಿಸಿದೆ. ಐದು ದಿನದಿಂದ ಇಲ್ಲಿ ಜಗಲಿಯಲ್ಲಿ ಮಲಗುತ್ತಿದ್ದೇನೆ. ಅಕ್ಕನಿಗೆ ಜ್ವರ ಇಳಿದಿಲ್ಲ. ಬೆಳ್ತಂಗಡಿಯ ಡಾಕ್ಟರು ಬಂದು ಸತ್ತ ಚರ್ಮ ಕತ್ತರಿಸಿ ತೆಗೆದರು. ಪೆನ್ಸಿಲಿನ್ ಚುಚ್ಚುತ್ತಿದ್ದಾರೆ. “ಹೇಳ್ಲಿಕ್ಕಾಗುವುದಿಲ್ಲ” ಎಂದರು.

ನಿನ್ನಿಂದ ಕೇಳಬೇಕಾದ್ದು ಒಂದೇ. ನೀನು ಇದ್ದೀಯಾ?

ಮಾವ


ಮುಂಬಯಿ
8-4-1963

ಮಾವ,

ಇದ್ದೇನೆ.

ಬಿಸಿಲಿಗೆ ಮುಖ ಮಾಡಿದ ಉದ್ದದ ವರಾಂಡದಲ್ಲಿ ನಮ್ಮ ಮಂಚಗಳನ್ನು ಸಾಲಾಗಿ ಹಾಕುತ್ತಾರೆ. ನನ್ನದು ಒಂಬತ್ತನೆಯದು. ಎಂಟನೆಯದರಲ್ಲಿ ರತ್ನಾಗಿರಿಯ ಒಬ್ಬಳಿದ್ದಳು, ಬೆನ್ನೆಲುಬಿಗೇ ಕಾಯಿಲೆ ಹೋಗಿ ಅಲ್ಲಾಡಲಾಗದವಳು. ಅವಳ ಬೆನ್ನನ್ನು ನಾನು ದಿನವೂ ನೋಡಿದೆ. ಮೊದಲು ಕೆಂಪು. ನಾನು ಎಲ್ಲರಿಗೂ ಹೇಳಿದೆ, ಯಾರೂ ಕೇಳಲಿಲ್ಲ. ಅವಳನ್ನು ನಾನೇ ಹೊರಳಿಸೋಣವೆಂದರೆ ನನಗೆ ಏಳಲು ಅಪ್ಪಣೆಯಿರಲಿಲ್ಲ. ಅವಳು ಜನವರಿಯಲ್ಲಿ ತೀರಿಹೋದಳು. ಅದರ ಮರುವಾರವೇ ನಿಮ್ಮ ಕಾಗದ ಬಂತು, ಹನ್ನೊಂದು ಬಿಳಿ ಹೊದಿಕೆ ಎಂದು ಬರೆದಿದ್ದಿರಿ.

ಇವರ ಮೇಲೆ ಸಿಟ್ಟಾಗಬೇಡಿ. ಮುಚ್ಚಿಡಲು ನಾನೂ ಒಪ್ಪಿದ್ದೆ. ಅಮ್ಮನಿಗೆ ಗೊತ್ತಾದರೆ ಅವಳ ಉಳಿದ ಅರ್ಧ ಮೈಯೂ ನಿಲ್ಲುತ್ತದೆ ಎಂದು ಹೆದರಿದೆ.

ನಿಮ್ಮ ಸುಳ್ಳು ಕಾಗದ ಬಂದ ದಿನ ನಾನು ಸಮಾಧಾನದಿಂದ ನಿದ್ದೆ ಮಾಡಿದೆ, ಮಾವ. ಬಹಳ ದಿನಗಳ ಮೇಲೆ. ಅದಕ್ಕೇ ನಿಮ್ಮನ್ನು ಕ್ಷಮಿಸಲು ಕಷ್ಟವಾಗುತ್ತಿದೆ. ಸ್ವಲ್ಪ ದಿನ ಬೇಕು.

ಅಮ್ಮ ಉಳಿಯುತ್ತಾಳೆಯೇ? ಇನ್ನು ಮುಂದೆ ಇದ್ದ ಹಾಗೆಯೇ ಬರೆಯಿರಿ. ನಾನೂ ಹಾಗೆಯೇ ಬರೆಯುತ್ತೇನೆ. ಈಗ ನನಗೆ ಸಂಜೆ ಜ್ವರ ಬರುತ್ತದೆ. ಕೊನೆಯ ಸಲ ರಕ್ತ ಬಂದು ಹನ್ನೆರಡು ದಿನವಾಯಿತು.

ಕಾಂತಿ


ಬೆಳ್ತಂಗಡಿ, ಲಾಯಿಲ
5-5-1963

ಕಾಂತಿಗೆ,

ಇದ್ದ ಹಾಗೆ ಬರೆಯುತ್ತೇನೆ. ಉಳಿಯುತ್ತಾಳೆಯೇ ಎಂದು ಇವತ್ತಿಗೂ ಯಾರೂ ಹೇಳುತ್ತಿಲ್ಲ. ಜ್ವರ ಬಿಟ್ಟು ಒಂಬತ್ತು ದಿನವಾಯಿತು. ಗಂಜಿಯ ಜೊತೆಗೆ ಈಗ ಮೊಟ್ಟೆ ಕೊಡುತ್ತೇವೆ, ಅರ್ಧ ತಿನ್ನುತ್ತಾಳೆ, ಅರ್ಧ ನನ್ನ ಅಂಗಿಗೆ.

ಎರಡು ಗಂಟೆಗೊಮ್ಮೆ ಹೊರಳಿಸುವವನು ನಾನೇ. ಮೊದಲ ದಿನ ಜೋರಾಗಿ ಎಳೆದು ಅವಳನ್ನು ಗೋಡೆಗೆ ತಾಗಿಸಿದೆ. “ಅಕ್ಕಿಮುಡಿ ಅಲ್ಲ ಅದು, ಮನುಷ್ಯರು” ಎಂದು ಸೇಸಮ್ಮ ಬೈದಳು. ಈಗ ಬರುತ್ತದೆ. ಹೆಗಲಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ, ಎಳೆಯಬಾರದು, ಎತ್ತಬೇಕು. ಎಳೆದರೆ ಹೊಸ ಚರ್ಮ ಹೋಗುತ್ತದೆ. ಕುದಿಸಿ ಆರಿಸಿದ ಉಪ್ಪು ನೀರಿನಲ್ಲಿ ಗಾಯ ತೊಳೆಯುವುದೂ ನಾನೇ. ಮೊದಲ ಮೂರು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದೆ. ಸೇಸಮ್ಮ ಬಾಯಿ ತೊಳೆಯಲು ನೀರಿನ ಚೆಂಬು ಕೈಗೆ ಕೊಟ್ಟಳು.

ತೊಳೆದ ಮೇಲೆ ಅವಳದೊಂದು ಕ್ರಮ ಉಂಟು. ಎಳೆಯ ಬಾಳೆಲೆಯನ್ನು ಬಿಸಿನೀರಿನಲ್ಲಿ ಬಾಡಿಸಿ, ಗಾಯದ ಅಳತೆಗೆ ಸರಿಯಾಗಿ ಕತ್ತರಿಸಿ, ಎಣ್ಣೆ ಸವರಿ ಮೇಲೆ ಇಡುತ್ತಾಳೆ. ಬಟ್ಟೆಯ ಹಾಗೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ. ದಿನಾ ಹೊಸ ಎಲೆ. ಕತ್ತರಿಸುವ ಕೆಲಸವೂ ಈಗ ನನ್ನದೇ. ಹಳೆಯ ಎಲೆಯನ್ನು ಹೊಸದರ ಮೇಲಿಟ್ಟು ಕತ್ತರಿಸುತ್ತೇನೆ, ಮೊನ್ನೆಯಿಂದ ಹಳೆಯ ಅಳತೆ ಗಾಯಕ್ಕೆ ಒಂದು ನೂಲಿನಷ್ಟು ದೊಡ್ಡದಾಗುತ್ತಿದೆ. ಅಂದರೆ ಗಾಯ ಒಂದು ನೂಲು ಸಣ್ಣದಾಗಿದೆ. ಸೇಸಮ್ಮ ಇನ್ನೂ ನಂಬುವುದಿಲ್ಲ, “ನಿಮ್ಮ ಕಣ್ಣು ಸರಿಯಿಲ್ಲ” ಎನ್ನುತ್ತಾಳೆ. ಈ ಕಾಗದದ ಹಿಂಬದಿಗೆ ಎರಡು ಗೆರೆ ಎಳೆದಿದ್ದೇನೆ. ಹೊರಗಿನದು ಏಪ್ರಿಲ್ ಮೊದಲ ವಾರದ ಎಲೆಯ ಅಳತೆ, ಒಳಗಿನದು ಇವತ್ತಿನದು. ನಡುವೆ ಎಷ್ಟು ಜಾಗವಿದೆ ನೀನೇ ನೋಡು. ನನ್ನ ಮಾತು ನಂಬಬೇಡ, ಗೆರೆ ನೋಡು.

ನಿನ್ನ ಕಾಯಿಲೆಯ ವಿಷಯ ಅಕ್ಕನಿಗೆ ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದು, ಬೇಕಾದರೆ ಇದಕ್ಕೂ ಕ್ಷಮಿಸಬೇಡ. ಗಾಯ ತೊಳೆಯುತ್ತಿರುವಾಗ ಹೇಳಿದೆ, ಅವಳ ಮುಖ ಆ ಕಡೆ ಇತ್ತು, ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಬಹಳ ಹೊತ್ತು ಅವಳು ಅಲ್ಲಾಡಲಿಲ್ಲ. ಹೆದರಿ ಸೇಸಮ್ಮನನ್ನು ಕೂಗಬೇಕೆನ್ನುವಷ್ಟರಲ್ಲಿ ಎಡಗೈ ಹಿಂದೆ ಬಂತು. ಹುಡುಕಿ ಹುಡುಕಿ ನನ್ನ ಕೈಯಲ್ಲಿದ್ದ ಹತ್ತಿಯನ್ನು ಕಿತ್ತುಕೊಂಡಳು. ಮುದ್ದೆ ಮಾಡಿ ತನ್ನ ಎದೆಯ ಮೇಲೆ ಇಟ್ಟುಕೊಂಡು ಒತ್ತಿದಳು. ಎರಡು ಸಲ, ಮೂರು ಸಲ. ಆಮೇಲೆ ಕತ್ತು ಹೊರಳಿಸಿ ನನ್ನನ್ನು ನೋಡಿದಳು.

ನಿನ್ನ ಎದೆಯ ಗಾಯ ತೊಳೆಯುವವರು ಯಾರು ಎಂದು ಅವಳು ಕೇಳಿದ್ದು. ಡಾಕ್ಟರು ಬಂದಾಗ ಅವರನ್ನೇ ವಿಚಾರಿಸಿದೆ.

ಎದೆಯ ಗಾಯ ಎಕ್ಸ್‌ರೇಯಲ್ಲಿ ಕಾಣುತ್ತದೆ ಎಂದು ಇಲ್ಲಿಯ ಡಾಕ್ಟರು ಹೇಳಿದರು. ನಿನ್ನದನ್ನು ಡಾಕ್ಟರ ಹತ್ತಿರ ಕೇಳಿ ತರಿಸಿಕೋ. ಬೆಳಕಿಗೆ ಹಿಡಿದು, ಅದರ ಮೇಲೆ ಕಾಗದವಿಟ್ಟು, ಗಾಯದ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಕಳಿಸು. ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದಾಗಿ ಎಳೆ. ಅಕ್ಕನಿಗೆ ತೋರಿಸಬೇಕು. ನನಗೂ ನೋಡಬೇಕು.

ಮಾವ